ಗಾಲಿಯ ತೂಕ, ಸಂಡಿಗೆಯ ಸೀರೆ

ಹೊಸ ವಸ್ತುವಿನ ಮೇಲೆ ಏನಾದರೂ ಅಂಟಿಕೊಂಡಿದ್ದರೆ ಅದನ್ನು ಕೀಳದೆ ಸುಮ್ಮನಿರುವ ತಾಳ್ಮೆಯನ್ನು ದೇವರು ನನಗೆ ಕೊಟ್ಟಿಲ್ಲ. ದುರ್ಗದಬೈಲಿನ ಪೇಟೆಯಿಂದ ಸ್ಟೀಲ್ ಡಬ್ಬಿ ತಂದರೆ ಚೀಲದಿಂದ ತೆಗೆದವಳೇ ಮೊದಲು ಅದರ ಚೀಟಿಯ ಮೂಲೆ ಹುಡುಕುತ್ತೇನೆ. ಉಗುರಿಗೆ ಸಿಕ್ಕರೆ ಸರಿ, ಸಿಗದಿದ್ದರೆ ಡಬ್ಬಿಯನ್ನು ಒಲೆಯ ಮೇಲೆ ಹಿಡಿದು ಬಿಸಿ ಮಾಡಿ ಸಿಪ್ಪೆ ಸುಲಿದ ಹಾಗೆ ಸುಲಿಯುತ್ತೇನೆ. ಉಳಿದ ಅಂಟಿಗೆ ಕೊಬ್ಬರಿ ಎಣ್ಣೆ, ಅದಕ್ಕೂ ಬಗ್ಗದಿದ್ದರೆ ರಂಗೋಲಿ ಪುಡಿ. ನನ್ನ ಕೈಯಿಂದ ಪಾರಾದ ಚೀಟಿ ನಮ್ಮ ಮನೆಯಲ್ಲಿ ಒಂದೂ ಇಲ್ಲ. ಫ್ರಿಜ್ಜಿನ ಮೇಲಿದ್ದ ನಕ್ಷತ್ರಗಳ ಚೀಟಿ, ಮಿಕ್ಸರಿನ ಹೊಟ್ಟೆಯ ಮೇಲಿದ್ದ ಗ್ಯಾರಂಟಿ ಚೀಟಿ, ನಮ್ಮ ಯಜಮಾನರ ಹೊಸ ಚಷ್ಮಾದ ಗಾಜಿನ ಮೂಲೆಯ ಚೀಟಿ, ಎಲ್ಲ ಹೋದವು. ಗ್ಯಾರಂಟಿ ಚೀಟಿ ಕಿತ್ತ ಮೇಲೆ ಮಿಕ್ಸರ್ ಕೆಟ್ಟಿತು, ಅಂಗಡಿಯವನು ರಿಪೇರಿ ಮಾಡಿಕೊಡಲು ಒಪ್ಪಲಿಲ್ಲ. ಆಗಲಾದರೂ ಬುದ್ಧಿ ಬರಬೇಕಿತ್ತು. ಬರಲಿಲ್ಲ. ಬಂದಿದ್ದರೆ ಇದನ್ನೆಲ್ಲ ಬರೆಯುವ ಗತಿ ಬರುತ್ತಿರಲಿಲ್ಲ.

ಬರೆಯುವುದೂ ಎಂಥ ಬರವಣಿಗೆ! ಫೋನಿನ ಮೇಲೆ, ಬಲಗೈಯ ಒಂದೇ ಬೆರಳಿನಿಂದ, ಕೋಳಿ ಕಾಳು ಹೆಕ್ಕಿದ ಹಾಗೆ. ಮೊಮ್ಮಗಳು ಪಲ್ಲವಿ ಪರೀಕ್ಷೆ ಮುಗಿದ ರಜೆಯಲ್ಲಿ ಎಂಟು ದಿನ ಕೂತು ಕಲಿಸಿದಳು. ನಾನು ಒತ್ತುವುದು ಒಂದು ಅಕ್ಷರ, ಮೂಡುವುದು ಅದರ ಪಕ್ಕದ್ದು. ಫೋನೇ ಸರಿಯಿಲ್ಲ ಎಂದು ನಾನು, ಫೋನು ಸರಿಯಾಗೇ ಇದೆ ಎಂದು ಅವಳು. ಈ ವಾದ ಇನ್ನೂ ತೀರ್ಮಾನವಾಗಿಲ್ಲ.

ಇನ್ನು ಸಂಗತಿಗೆ ಬರುತ್ತೇನೆ. ನಮ್ಮ ಯಜಮಾನರು ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದು ನಿವೃತ್ತರಾದವರು. ಒಂದು ಕಾಲದಲ್ಲಿ ಇವರು ಪೇಟೆಗೆ ಬಂದರೆ ತಕ್ಕಡಿಗಳು ತಾವಾಗಿಯೇ ನೆಟ್ಟಗಾಗುತ್ತಿದ್ದವಂತೆ. ಹಾಗೆಂದು ಹೇಳುವವರು ಅವರೇ. ಒಬ್ಬ ಬೆಲ್ಲದ ವ್ಯಾಪಾರಿ ತಟ್ಟೆಯ ಅಡಿಗೆ ಹುಣಸೆಹಣ್ಣು ಮೆತ್ತಿದ್ದನ್ನು ಮುಟ್ಟದೆ, ಬರೀ ಕಣ್ಣಿನಿಂದ ಹಿಡಿದ ಕತೆಯನ್ನು ನಾನು ಎಷ್ಟು ಸಲ ಕೇಳಿದ್ದೇನೆ ಎಂದರೆ, ಆ ಹುಣಸೆಹಣ್ಣು ಈಗ ನಮ್ಮ ಮನೆಯವರಲ್ಲಿ ಒಬ್ಬರಾಗಿದೆ. ಇವರಿಗೆ ಈಗ ಎಪ್ಪತ್ತಾರು ವರ್ಷ. ಇನ್ನೂ ಕಾರು ತಾವೇ ನಡೆಸುತ್ತಾರೆ. ಮಗ ಮಹಾಂತೇಶನಿಗೆ ಕಾರು ನಡೆಸಲು ಬರುವುದಿಲ್ಲ, ಅವನದು ಮೋಟಾರ್ ಸೈಕಲ್. "ಅಪ್ಪಾ, ಇನ್ನ ಸಾಕ್ ಬಿಡ್ರಿ, ವಯಸ್ಸಾತು," ಎಂದು ಅವನು ಎರಡು ವರ್ಷದಿಂದ ಹೇಳುತ್ತಿದ್ದಾನೆ. ಇವರು ಪ್ರತಿ ಸಲವೂ ಒಂದೇ ಉತ್ತರ ಕೊಡುತ್ತಾರೆ: "ನನ್ನ ಕೈ ನಡುಗಿದ ದಿವಸ ಚಾವಿ ನಾನ ತಂದ ನಿನ್ನ ಕೈಯಾಗ ಇಡ್ತೇನಿ. ಅಲ್ಲೀ ಮಟಾ ಬಾಯಿ ಮುಚ್ಚು."

ಸೋಮವಾರ ಬೆಳಿಗ್ಗೆ ನಾವಿಬ್ಬರೇ ನವನಗರದಿಂದ ಧಾರವಾಡದ ನನ್ನ ತಂಗಿಯ ಮನೆಗೆ ಹೋಗಿಬರುತ್ತೇವೆ. ತಂಗಿಯನ್ನು ನೋಡುವುದು ಒಂದು ನೆಪ. ಮನೆಯಲ್ಲಿ ಮಗ, ಸೊಸೆ, ಮೊಮ್ಮಗಳು, ಟೀವಿ. ನೆಮ್ಮದಿಯಾಗಿ ಜಗಳವಾಡಲೂ ಜಾಗವಿಲ್ಲ. ಕಾರಿನೊಳಗೆ ಗಾಜು ಏರಿಸಿಕೊಂಡರೆ ಹೋಗುವಾಗ ಅರ್ಧ ತಾಸು, ಬರುವಾಗ ಅರ್ಧ ತಾಸು, ಯಾರ ಹಂಗೂ ಇಲ್ಲದೆ ಬಾಯ್ತುಂಬ ಜಗಳವಾಡಬಹುದು. ವಾರವಿಡೀ ಕೂಡಿಟ್ಟದ್ದೆಲ್ಲ ಅಲ್ಲಿ ಖಾಲಿಯಾಗುತ್ತದೆ. ಮನೆಗೆ ಮರಳುವಾಗ ಇಬ್ಬರ ಮುಖವೂ ತೊಳೆದ ಹಾಗಿರುತ್ತದೆ.

ಟೈರುಗಳು ಸವೆದು ನುಣ್ಣಗಾಗಿದ್ದವು. ಗೋಕುಲ ರಸ್ತೆಯ ದಾವಲಸಾಬನ ಅಂಗಡಿಗೆ ಹೋಗಿ ನಾಲ್ಕೂ ಹೊಸವನ್ನು ಹಾಕಿಸಿದೆವು. ದಾವಲಸಾಬ ನಮಗೆ ಇಪ್ಪತ್ತು ವರ್ಷದಿಂದ ಗೊತ್ತು. ಕೂದಲು ಬೆಳ್ಳಗಾಗಿದೆ, ಮಾತು ಮೆತ್ತಗೆ, ಕೈ ಮಾತ್ರ ಇಕ್ಕಳ. ನನಗೊಂದು ಕುರ್ಚಿ ಹಾಕಿ ಚಹಾ ತರಿಸಿಕೊಟ್ಟ. ನಾನು ಫೋನು ತೆಗೆದು 'ಊಟ ಆತೇನು' ಎಂದು ತಂಗಿಗೆ ಬರೆಯಲು ಕೂತೆ. ಆ ಎರಡು ಪದ ಮುಗಿಯುವಷ್ಟರಲ್ಲಿ ನಾಲ್ಕು ಗಾಲಿಯ ಕೆಲಸ ಮುಗಿದಿತ್ತು. ಹಾಗಾಗಿ ಒಳಗೆ ಏನು ನಡೆಯಿತೋ ನಾನು ನೋಡಲಿಲ್ಲ. ಮರಳುವ ದಾರಿಯಲ್ಲಿ ಇವರು ನನಗೆ ಎಲ್ಲವನ್ನೂ ವಿವರಿಸಿದರು. ವಿವರಿಸಿದರು ಎಂಬುದು ನೆನಪಿದೆ, ಏನು ವಿವರಿಸಿದರು ಎಂಬುದು ನೆನಪಿಲ್ಲ. ಅವರ ಮಾತಿಗೆ ಸರಿಯಾದ ಜಾಗದಲ್ಲಿ "ಹ್ಞೂಂ" ಹಾಕುವುದನ್ನು ನಾನು ನಲವತ್ತಾರು ವರ್ಷದಿಂದ ರೂಢಿ ಮಾಡಿಕೊಂಡಿದ್ದೇನೆ. ಕಿವಿ ಇಲ್ಲದೆಯೂ ಹಾಕಬಲ್ಲೆ. ಮಷೀನು, ಸೊನ್ನೆ, ಗ್ರಾಂ ಎಂದೇನೋ ಬಂತು. "ಹ್ಞೂಂ" ಎಂದೆ.

ಮೂರನೆಯ ದಿನ ಅಮಾವಾಸ್ಯೆ. ನಮ್ಮಲ್ಲಿ ಅಮಾವಾಸ್ಯೆಗೆ ಗಾಡಿ ತೊಳೆದು, ಗಾಲಿಗಳಿಗೆ ವಿಭೂತಿ ಎಳೆದು, ಕಾಯಿ ಒಡೆದು, ನಿಂಬೆಹಣ್ಣಿನ ಮೇಲೆ ಹಾಯಿಸುತ್ತೇವೆ. ಹೊಸ ಟೈರಿನ ಮೊದಲ ಅಮಾವಾಸ್ಯೆ ಎಂದ ಮೇಲೆ ಕೇಳಬೇಕೆ? ತೆಂಗಿನ ನಾರು, ಸೋಪಿನ ನೀರು ತೆಗೆದುಕೊಂಡು ಮಣೆ ಹಾಕಿ ಗಾಲಿಯ ಮುಂದೆ ಕೂತೆ. ನಮ್ಮ ಕಾರಿನ ಗಾಲಿ ನಡುವೆ ಸಂದುಗಳಿರುವ ಬೆಳ್ಳಿ ಬಣ್ಣದ್ದು. ಆ ಸಂದಿನಲ್ಲಿ ಕೈ ಹಾಕಿ ಒಳಮೈ ಉಜ್ಜುತ್ತಿದ್ದೆ. ಬೆರಳಿಗೆ ಏನೋ ತಾಗಿತು. ಬಗ್ಗಿ ನೋಡುತ್ತೇನೆ: ಬೂದು ಬಣ್ಣದ ಸಣ್ಣ ಸಣ್ಣ ಚೌಕ ತುಂಡುಗಳು ಸಾಲಾಗಿ ಅಂಟಿಕೊಂಡು ಕೂತಿವೆ. ಒಂದು ಗಾಲಿಯಲ್ಲಿ ಏಳು, ಒಂದರಲ್ಲಿ ಎರಡೇ, ಒಂದರಲ್ಲಿ ಎರಡು ಜಾಗದಲ್ಲಿ. ಒಂದು ಅಂದವಿಲ್ಲ, ಒಂದು ಕ್ರಮವಿಲ್ಲ. ಟೈರಿನ ಜೊತೆ ಬಂದ ಚೀಟಿಯಂಥದ್ದೇನೋ ಇರಬೇಕು, ದಾವಲಸಾಬ ಕೀಳಲು ಮರೆತಿದ್ದಾನೆ ಎಂದುಕೊಂಡೆ. ಗಂಡಸರ ಕೆಲಸವೇ ಇಷ್ಟು ಎಂದೂ ಅಂದುಕೊಂಡೆ, ಜೋರಾಗಿಯೇ.

ಆಮೇಲೆ ಏನಾಯಿತೆಂದು ನೀವೇ ಊಹಿಸಬಲ್ಲಿರಿ. ಬಿಸಿನೀರು, ಕೊಬ್ಬರಿ ಎಣ್ಣೆ, ಅಡುಗೆಮನೆಯ ಇಕ್ಕಳ. ಅರ್ಧ ತಾಸಿನಲ್ಲಿ ನಾಲ್ಕೂ ಗಾಲಿಗಳನ್ನು ನುಣ್ಣಗೆ ಮಾಡಿದೆ. ಹದಿನಾರು ತುಂಡುಗಳು ಸಿಕ್ಕವು. ಪುಟ್ಟದಾಗಿದ್ದರೂ ಕೈಯಲ್ಲಿ ಹಿಡಿದರೆ ಭಾರ, ಬೆನ್ನಿಗೆ ಇನ್ನೂ ಸ್ವಲ್ಪ ಅಂಟು ಉಳಿದಿತ್ತು. ಎಸೆಯಲು ಮನಸ್ಸು ಬರಲಿಲ್ಲ. ಮಾಳಿಗೆಯ ಮೇಲೆ ಸಂಡಿಗೆ ಇಟ್ಟಿದ್ದೆ. ಕಾಗೆ ಬಾರದಿರಲೆಂದು ಮೇಲೆ ಹೊದಿಸಿದ ಹಳೆಯ ವಾಯಿಲ್ ಸೀರೆ ಗಾಳಿಗೆ ಹಾರಿ ಹಾರಿ ಪಕ್ಕದ ಮನೆಯವರ ನೀರಿನ ಟಾಕಿಯ ಮೇಲೆ ಬೀಳುತ್ತಿತ್ತು. ಆ ತುಂಡುಗಳನ್ನು ಸೀರೆಯ ಅಂಚಿಗೆ ಸುತ್ತಲೂ ಒತ್ತಿ, ಮೇಲೊಂದು ಹೊಲಿಗೆ ಹಾಕಿದೆ. ಆ ದಿನದಿಂದ ಸೀರೆ ಮಿಸುಕಲಿಲ್ಲ. ಇಂಥ ಉಪಾಯ ಹೊಳೆದದ್ದಕ್ಕೆ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಸೋಮವಾರ ಬಂತು. ಕಾರು ಹತ್ತಿದೆವು. ರಾಯಾಪುರ ದಾಟಿ, ರಸ್ತೆ ಬಿಚ್ಚಿಕೊಂಡ ಕೂಡಲೇ ಇವರು ವೇಗ ಹೆಚ್ಚಿಸಿದರು. ನಾನು ಮಹಾಂತೇಶನ ಮಾವನವರ ಮನೆಯ ಯಾವುದೋ ಹಳೆಯ ವಿಷಯ ಎತ್ತಿ ಜಗಳ ಶುರು ಮಾಡಿದೆ. ತಿರುಗಿ ನೋಡಿದರೆ ಇವರ ಮುಖ ಬಿಳುಪೇರಿದೆ. ಸ್ಟೇರಿಂಗ್ ಹಿಡಿದ ಎರಡೂ ಕೈ ಗಡಗಡ ನಡುಗುತ್ತಿವೆ. ಕಾರಿನ ವೇಗ ಇಳಿಸಿದರು, ನಡುಕ ನಿಂತಿತು. ಮತ್ತೆ ಏರಿಸಿದರು, ಮತ್ತೆ ಶುರು. ಉಳಿದ ದಾರಿಯನ್ನೆಲ್ಲ ಎತ್ತಿನ ಗಾಡಿಯ ಹಾಗೆ ಹೋದೆವು. ಜಗಳ ಅಲ್ಲಿಗೇ ನಿಂತಿತು.

"ಟೈರ್ ಏನರ ಸರಿ ಕೂತಿಲ್ಲೇನ್ರಿ?" ಎಂದು ನಾನೇ ಕೇಳಿದೆ.

"ಟೈರಿಗೆ ಏನಾಗೇತಿ?" ಎಂದು ಸಿಡಿದರು. "ಮಷೀನಿನ ಮ್ಯಾಲೆ ಈ ಕಡೆ ಸೊನ್ನಿ, ಆ ಕಡೆ ಸೊನ್ನಿ, ನನ್ನ ಕಣ್ಣಾರೆ ನೋಡೇನಿ. ಮೂವತ್ತು ವರ್ಷ ತೂಕ ನೋಡಿದಾಂವ ನಾನು. ದಾವಲಸಾಬ ತಪ್ಪಬಹುದು, ಸೊನ್ನಿ ತಪ್ಪಂಗಿಲ್ಲ." ಆಮೇಲೆ ದನಿ ಇಳಿಸಿ, "ಗಾಲಿ ಅಲ್ಲ. ನನ್ನ ಕೈ," ಎಂದರು.

ಅವತ್ತಿನಿಂದ ಮನೆಯಲ್ಲಿ ಒಂದು ಕಳ್ಳ ಪರೀಕ್ಷೆ ಶುರುವಾಯಿತು. ಯಾರೂ ಇಲ್ಲದಾಗ ಇವರು ದೇವರ ಜಗಲಿಯ ಮುಂದೆ ನಿಂತು ಎರಡೂ ಕೈ ಮುಂದಕ್ಕೆ ಚಾಚಿ ನೋಡಿಕೊಳ್ಳುವರು. ಚಹಾದ ಕಪ್ಪನ್ನು ಬಸಿಯ ಮೇಲಿಟ್ಟು ಎತ್ತಿ, ಸಪ್ಪಳ ಬರುತ್ತದೆಯೋ ಎಂದು ಕಿವಿಗೊಡುವರು. ತಂಬಿಗೆಯ ತುಂಬ ನೀರು ತುಂಬಿಕೊಂಡು ಪಡಸಾಲೆಯ ಈ ತುದಿಯಿಂದ ಆ ತುದಿಗೆ ನಡೆದು, ನೆಲದ ಮೇಲೆ ಹನಿ ಬಿದ್ದಿದೆಯೇ ಎಂದು ಬಗ್ಗಿ ನೋಡುವರು. ಒಂದು ಹನಿಯೂ ಬಿದ್ದಿರುತ್ತಿರಲಿಲ್ಲ. ಆದರೂ ನಂಬಿಕೆಯಿಲ್ಲ. "ಮನ್ಯಾಗ ಛಲೋ ಇರ್ತಾವ. ಗಾಡಿ ಜೋರ್ ಹೋದರ ಅಷ್ಟ ನಡುಗ್ತಾವ. ಒಳಗ ಅಂಜಿಕಿ ಹೊಕ್ಕೈತಿ," ಎಂದು ನನಗೆ ಗುಟ್ಟಾಗಿ ಹೇಳಿದರು. ಬುಧವಾರ ಊಟವಾದ ಮೇಲೆ ಎದ್ದು ಹೋಗಿ, ಹೇಳಿದ ಮಾತಿನಂತೆ, ಚಾವಿ ತಂದು ಮಹಾಂತೇಶನ ಕೈಯಲ್ಲಿಟ್ಟರು. ಇಡುವಾಗ ಕೈ ಒಂದಿಷ್ಟೂ ನಡುಗಲಿಲ್ಲ. ಅದನ್ನು ಯಾರೂ ಗಮನಿಸಲಿಲ್ಲ, ನನ್ನನ್ನು ಬಿಟ್ಟು.

ಮಗನ ಕಣ್ಣೂ ತುಂಬಿತ್ತು. ಆದರೂ ಮರುದಿನವೇ ಗಿರಾಕಿ ಹುಡುಕಿದ. ಭಾನುವಾರ ಹತ್ತಕ್ಕೆ ಬಂದು ಗಾಡಿ ನೋಡುತ್ತಾರಂತೆ.

ಇನ್ನು ಸೋಮವಾರವೇ ಇಲ್ಲವಲ್ಲ ಎಂದು ಯೋಚಿಸುತ್ತ ಗುರುವಾರ ಮಧ್ಯಾಹ್ನ ಫೋನು ಹಿಡಿದು ಕೂತೆ. ಗಂಡನ ಕೈ ನಡುಕಕ್ಕೆ ಮದ್ದು ಹುಡುಕುವುದು ನನ್ನ ಉದ್ದೇಶ. 'ಗಾಡಿ ಜೋರಾಗಿ ಓಡಿಸಿದಾಗ ಕೈ ನಡುಗುತ್ತದೆ' ಎಂದು ಒಂದೊಂದೇ ಅಕ್ಷರ ಒತ್ತಿದೆ. ಫೋನು ವೈದ್ಯರನ್ನು ತೋರಿಸುವ ಬದಲು ಒಬ್ಬ ಮೆಕ್ಯಾನಿಕ್‌ನ ವಿಡಿಯೋ ತೋರಿಸಿತು. ಅವನು ಗಾಲಿಯನ್ನು ಒಂದು ಮಷೀನಿಗೆ ಸಿಕ್ಕಿಸಿ ಗರಗರ ತಿರುಗಿಸಿದ. "ಯಾವ ಗಾಲಿಯೂ ಎಲ್ಲ ಕಡೆ ಒಂದೇ ತೂಕ ಇರಂಗಿಲ್ರಿ. ಹೊಸ ಟೈರ್ ಹಾಕಿದ ಮ್ಯಾಲೆ ಹಗುರ ಇದ್ದ ಕಡೆ ತೂಕ ಹಚ್ಚಬೇಕು. ಇಲ್ಲಾಂದ್ರ ಸ್ಟೇರಿಂಗ್ ನಡುಗತೈತಿ," ಎಂದ. ಎಂದವನೇ ಬೂದು ಬಣ್ಣದ ಒಂದು ಚೌಕ ತುಂಡನ್ನು ತೆಗೆದು ಗಾಲಿಯ ಒಳಮೈಗೆ ಅಂಟಿಸಿದ.

ಆ ತುಂಡಿನ ಅಣ್ಣತಮ್ಮಂದಿರು ಹದಿನಾರು ಜನ ನಮ್ಮ ಮಾಳಿಗೆಯ ಮೇಲೆ ಸಂಡಿಗೆ ಕಾಯುತ್ತ ಕೂತಿದ್ದರು. ಕಾರಿನಲ್ಲಿ ಇವರು ವಿವರಿಸಿದ್ದೂ ಇದನ್ನೇ, ನಾನು "ಹ್ಞೂಂ" ಎಂದದ್ದೂ ಇದಕ್ಕೇ.

ಹೋಗಿ ಹೇಳಿಬಿಡಬಹುದಿತ್ತಲ್ಲ ಎನ್ನುತ್ತೀರಿ. ನೀವು ನಮ್ಮ ಮನೆಯಲ್ಲಿ ಇದ್ದವರಲ್ಲ. ಮದುವೆಯಾದ ವರ್ಷ ಇವರು ಉಪ್ಪಿನ ಬದಲು ಸೋಡಾ ಪುಡಿ ತಂದದ್ದನ್ನು ನಾನು ಇಂದಿಗೂ ಬಂದವರಿಗೆಲ್ಲ ಹೇಳಿ ನಗಿಸುತ್ತೇನೆ. ನಲವತ್ತಾರು ವರ್ಷ ಕಷ್ಟಪಟ್ಟು ಕಟ್ಟಿಕೊಂಡ ಮೇಲ್ಗೈ ಅದು. ಒಂದು ಸಲ ಬಾಯಿಬಿಟ್ಟರೆ ಮುಗಿಯಿತು. ಉಳಿದ ಆಯುಷ್ಯವೆಲ್ಲ ನಾನು ಹದಿನಾರು ತುಂಡಿನ ಹೆಂಗಸು.

ಅದಕ್ಕೆ ಗುಟ್ಟಾಗಿ ಸರಿಪಡಿಸಲು ಹೊರಟೆ. ಶುಕ್ರವಾರ ಎಲ್ಲರೂ ಮಲಗಿದ ಮಧ್ಯಾಹ್ನದ ಬಿಸಿಲಿನಲ್ಲಿ ಹೊಲಿಗೆ ಬಿಚ್ಚಿ, ತುಂಡುಗಳನ್ನು ಉಡಿಯಲ್ಲಿ ಕಟ್ಟಿಕೊಂಡು ಇಳಿದೆ. ಗಾಲಿಯ ಮುಂದೆ ಕೂತ ಮೇಲೆ ಗೊತ್ತಾಯಿತು, ಯಾವುದು ಯಾರದೆಂದು ನನಗೆ ನೆನಪಿಲ್ಲ. ಏಳಿದ್ದದ್ದು ಮುಂದಿನ ಗಾಲಿಗೋ ಹಿಂದಿನದಕ್ಕೋ? ಮೇಲೋ ಕೆಳಗೋ? ಕೊನೆಗೆ ಮಕ್ಕಳಿಗೆ ಉಂಡಿ ಹಂಚುವ ಹಾಗೆ ಹಂಚಿದೆ. ಹದಿನಾರು ತುಂಡು, ನಾಲ್ಕು ಗಾಲಿ, ದಪ್ಪ ತೆಳು ನೋಡದೆ ಒಂದೊಂದಕ್ಕೆ ನಾಲ್ಕು. ಅವನ್ನೂ ಗೋಡೆ ಗಡಿಯಾರದ ಹನ್ನೆರಡು, ಮೂರು, ಆರು, ಒಂಬತ್ತರ ಜಾಗದಲ್ಲಿ ಚೆಂದಾಗಿ ಗೋಂದು ಹಾಕಿ ಅಂಟಿಸಿದೆ. ಯಾರಿಗೂ ಹೆಚ್ಚಿಲ್ಲ, ಯಾರಿಗೂ ಕಡಿಮೆಯಿಲ್ಲ. ಇಂಥ ನ್ಯಾಯವನ್ನು ನಾನು ನನ್ನ ಮಕ್ಕಳಿಗೂ ಮಾಡಿರಲಿಲ್ಲ.

ಸಂಜೆ ಇವರನ್ನು ಪುಸಲಾಯಿಸಿದೆ. "ಕಡೇದ ಒಂದ ರೌಂಡ್ ಹೋಗಿ ಬರೂಣ್ರಿ. ಗಾಡಿ ಹೋದ ಮ್ಯಾಲೆ ಹತ್ತಾಕ ಎಲ್ಲಿ ಸಿಗತೈತಿ?" ಮಗನಿಂದ ಚಾವಿ ಕೇಳಿ ಪಡೆದು ಹೊರಟೆವು. ರಾಯಾಪುರ ದಾಟುತ್ತಿದ್ದಂತೆ ಸ್ಟೇರಿಂಗ್ ಅಷ್ಟೇ ಅಲ್ಲ, ನನ್ನ ಸೀಟು, ನನ್ನ ಕನ್ನಡಕ, ನನ್ನ ಕಟ್ಟಿಸಿದ ಹಲ್ಲು, ಎಲ್ಲವೂ ನಡುಗಿದವು. ಗಾಲಿಗೆ ಬೇಕಾದದ್ದು ಸಮಪಾಲಲ್ಲ, ಕೊರತೆ ಇದ್ದಲ್ಲಿ ತುಂಬುವುದು ಎಂಬುದು ಆಗ ಅರ್ಥವಾಯಿತು. ಇವರು ಕಾರನ್ನು ಪಕ್ಕಕ್ಕೆ ನಿಲ್ಲಿಸಿ, ಎರಡೂ ಅಂಗೈಯನ್ನು ತೊಡೆಯ ಮೇಲೆ ಮಲಗಿಸಿಕೊಂಡು ಅವನ್ನೇ ನೋಡುತ್ತ ಕೂತರು.

"ನಾಕ ದಿನದಾಗ ಇಷ್ಟ ಜಾಸ್ತಿ ಆತಲ್ಲ, ನನ್ನ ಕೈ ಈಗ ಇಡೀ ಗಾಡೀನ ನಡುಗಸಾಕತ್ತೈತಿ," ಎಂದರು. "ಮುಂದ ತುತ್ತು ಎತ್ತಾಕೂ ಆಗಂಗಿಲ್ಲೋ ಏನೋ. ನೀನ ತಿನ್ನಿಸಬೇಕಾಗತೈತಿ ನೋಡು."

ಆಗಲಾದರೂ ಹೇಳಬೇಕಿತ್ತು. ಬಾಯಿ ತೆರೆದೆ. "ತಿನ್ನಿಸ್ತೇನಿ ತಗೋರಿ," ಎಂದೆ. ನನ್ನಂಥ ದುಷ್ಟ ಹೆಂಗಸು ಈ ಅವಳಿ ಊರಿನಲ್ಲಿ ಇನ್ನೊಬ್ಬಳಿರಲಿಕ್ಕಿಲ್ಲ.

ಶನಿವಾರ ಬೆಳಿಗ್ಗೆ ಇವರು ಗಾಡಿಗೆ ಗಾಳಿ ಹಾಕಿಸಿಕೊಂಡು, ದಾವಲಸಾಬನಿಗೂ ಒಂದು ಮಾತು ಹೇಳಿ ಬರುತ್ತೇನೆಂದು ಮೆಲ್ಲಗೆ ನಡೆಸಿಕೊಂಡು ಹೋದರು. ಇಪ್ಪತ್ತು ವರ್ಷದ ಗಿರಾಕಿ ಹೇಳದೆ ಕೇಳದೆ ಗಾಡಿ ಮಾರಿದರೆ ಅವನಿಗೆ ಬೇಜಾರಂತೆ. ಅವರು ಆ ಕಡೆ ಹೋದದ್ದೇ ತಡ, ನಾನು ಅಡುಗೆಮನೆಯ ಬಾಗಿಲು ಮುಚ್ಚಿಕೊಂಡು ಫೋನು ಹಿಡಿದೆ. ಮುಖ ನೋಡಿ ಹೇಳಲಾರದ್ದನ್ನು ಬರೆಯಬಹುದು. ಬೆರಳು ಜಾರಿ ಜಾರಿ, ಅಳಿಸಿ ಅಳಿಸಿ, ನಲವತ್ತು ನಿಮಿಷ ಹಿಡಿಯಿತು. ಹೀಗೆ ಬರೆದೆ:

'ನಿಮ್ಮ ಕೈ ನಡುಗಾಕತ್ತಿಲ್ಲ. ಗಾಲಿ ನಡುಗಾಕತ್ತಾವ. ದಾವಲಸಾಬ ಹಚ್ಚಿದ್ದ ತೂಕದ ತುಂಡು ಅಮಾಸಿ ದಿನ ನಾನು ಕಿತ್ತೇನಿ. ಶಂಡಿಗಿ ಅರಿವಿಗೆ ಹಚ್ಚಿದ್ದೆ. ನಿನ್ನೆ ಮತ್ತ ಗಾಲಿಗೆ ಹಚ್ಚೇನಿ, ತಪ್ಪಿ ಹಚ್ಚೇನಿ. ಗಾಡಿ ಮಾರಬ್ಯಾಡ್ರಿ. ಮನಿಗೆ ಬಂದ ಮ್ಯಾಲೆ ಈ ವಿಷಯ ತಗೀಬ್ಯಾಡ್ರಿ.'

ಕಣ್ಣು ಮುಚ್ಚಿ ಕಳಿಸಿದೆ. ಹತ್ತು ನಿಮಿಷಕ್ಕೆ ಫೋನು ಬಡಿದುಕೊಂಡಿತು. ಹೆಸರು ಇವರದು, ದನಿ ದಾವಲಸಾಬನದು.

"ಅಮ್ಮಾರ, ನಮಸ್ಕಾರ್ರಿ. ನಿಮ್ಮ ಮೆಸೇಜ್ ಮುಟ್ಟಿತ್ರಿ."

"ನಿನಗ ಹೆಂಗ ಮುಟ್ಟಿತೋ ಮಾರಾಯಾ?"

"ಸಾಹೇಬ್ರು ಓದೂ ಚಷ್ಮಾ ಮನ್ಯಾಗ ಬಿಟ್ಟ ಬಂದಾರ್ರಿ. ನೀನ ಓದು ಅಂದ್ರು, ಓದಿದೆ."

"ಮೆಲ್ಲಕ ಓದಿದ್ಯೋ, ಜೋರಾಗೋ?"

"ಮಷೀನ್ ಸಪ್ಪಳ ಭಾಳ ಇತ್ರಿ ಅಮ್ಮಾರ, ಒದರಿ ಓದಬೇಕಾತು. ಕೇಳಾಕ ನಾಕೈದು ಮಂದಿ ಗಿರಾಕಿ ಇದ್ರು, ಆಮ್ಯಾಲೆ ಚಹಾದಾಂವ ಬಂದ. ಅವಂಗ ಅರ್ಧ ತಪ್ಪಿತಂತ, ಮತ್ತೊಂದ ಸಲ ಓದಿದೆ." ಆಮೇಲೆ ಸಂಕೋಚದಿಂದ, "ಅಲ್ರಿ ಅಮ್ಮಾರ, ನಾಲ್ಕೂ ದಿಕ್ಕಿಗೆ ಹಚ್ಚೀರಲ್ರಿ, ಗಾಲಿಗೆ ಪೂಜಾ ಮಾಡೀರೇನ್ರಿ?" ಎಂದ.

"ಅದಿರ್ಲಿ. ಸಾಹೇಬ್ರು ಏನ್ ಮಾಡಾಕತ್ತಾರ?"

"ನಗಾಕತ್ತಾರ್ರಿ." ಆಮೇಲೆ ಅತ್ತ ತಿರುಗಿ ನೋಡಿದನೇನೋ. "ನಗಾಕತ್ತಾರ ಅಂತ ತಿಳಕೊಂಡಿದ್ದೆ. ಮಾರಿಗೆ ಟಾವೆಲ್ ಹಿಡ್ಕೊಂಡ ಕುಂತಾರ್ರಿ. ನೀರ ಕೊಡ್ತೇನಿ, ಫೋನ್ ಇಡ್ಲೇನ್ರಿ?"

ಫೋನು ಇಟ್ಟ ಮೇಲೆ ನಾನೂ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಕೂತೆ. ನನ್ನದು ನಗುವಂತೂ ಆಗಿರಲಿಲ್ಲ.

ಮಧ್ಯಾಹ್ನ ಕಾರಿನ ಸಪ್ಪಳ ಕೇಳಿತು. ರಸ್ತೆಯ ತಿರುವಿನಲ್ಲಿ ಯಾವತ್ತಿಗಿಂತ ಜೋರಾಗಿ ಬಂದು ಗಕ್ಕನೆ ನಿಂತಿತು. ಬಾಗಿಲಲ್ಲಿ ನಿಂತ ಮಹಾಂತೇಶನಿಗೆ ಇವರು, "ಆ ಗಿರಾಕಿಗೆ ಬರಬ್ಯಾಡ ಅಂತ ಹೇಳು. ಗಾಡಿ ಕೊಡಂಗಿಲ್ಲ," ಎಂದರು. ಚಾವಿಯನ್ನು ಮೊಳೆಗೆ ಹಾಕಲಿಲ್ಲ, ಅಂಗಿಯ ಜೇಬಿಗೆ ಹಾಕಿ ಮೇಲೊಮ್ಮೆ ತಟ್ಟಿಕೊಂಡರು. ನಾನು ಬೈಗುಳಕ್ಕೆ ಮೈಯೆಲ್ಲ ಗಟ್ಟಿ ಮಾಡಿಕೊಂಡು ಒಲೆಯ ಮುಂದೆ ನಿಂತಿದ್ದೆ. ಇವರು ಬಂದು ಊಟಕ್ಕೆ ಕೂತು, ತಾಟಿನ ಕಡೆಗೇ ನೋಡುತ್ತ ಹೇಳಿದ್ದು ಇಷ್ಟೇ: "ಶಂಡಿಗಿ ಕರಿ."

ಕರಿದೆ. ಹತ್ತು ತಿಂದರು. ಹನ್ನೊಂದನೆಯದನ್ನು ಕೈಯಲ್ಲಿ ಎತ್ತಿ ಹಿಡಿದು, ತೂಕ ನೋಡುವವರ ಹಾಗೆ ಮೇಲೆ ಕೆಳಗೆ ಆಡಿಸಿ, "ಭಾಳ ಹಗುರ ಆಗ್ಯಾವ. ಗಾಳಿಗೆ ಹಾರಿ ಹೋಗಲಿಲ್ಲೇನು?" ಎಂದರು. ಪಲ್ಲವಿ ಅಜ್ಜನ ಮುಖ ನೋಡಿ ನನ್ನ ಮುಖ ನೋಡಿದಳು. ಊಟವಾದ ಮೇಲೆ ಚೀಲದಿಂದ ಒಂದು ಪೊಟ್ಟಣ ತೆಗೆದು ನನ್ನ ಮುಂದಿಟ್ಟರು. ಬಿಚ್ಚಿದರೆ ಒಂದು ಬೊಗಸೆ ಬೂದು ತುಂಡುಗಳು. ಬೇರೆ ಗಾಡಿಗಳ ಗಾಲಿಯಿಂದ ಕಳಚಿ ಬಿದ್ದ ಹಳೆಯವಂತೆ. ಅಮ್ಮಾರ ಸಂಡಿಗೆ ಸೀರೆಗೆ ಇರಲಿ, ಇನ್ನು ಗಾಡಿಯವನ್ನು ಮುಟ್ಟುವುದು ಬೇಡ ಎಂದು ದಾವಲಸಾಬ ಕೊಟ್ಟು ಕಳಿಸಿದ್ದ.

ಸೋಮವಾರಗಳು ಮರಳಿ ಬಂದಿವೆ. ರಾಯಾಪುರ ದಾಟಿದ ಕೂಡಲೇ ಇವರು ವೇಗ ಏರಿಸಿ, ಸ್ಟೇರಿಂಗಿನಿಂದ ಒಂದು ಕೈಯನ್ನು ಎರಡು ಬೆರಳಷ್ಟು ಎತ್ತಿ ನನಗೆ ತೋರಿಸುತ್ತಾರೆ. ಕಲ್ಲಿನ ಹಾಗೆ ನಿಂತಿರುತ್ತದೆ. ಆದರೆ ಜಗಳದಲ್ಲಿ ನನಗೀಗ ಗೆಲುವಿಲ್ಲ. ನಾನು ಯಾವ ಊರಿನ ಯಾವ ವಿಷಯ ಎತ್ತಿದರೂ ಅವರು, "ಹೌದು, ಹದಿನಾರು," ಎನ್ನುತ್ತಾರೆ. ನಾನು ಕಿಟಕಿಯ ಹೊರಗೆ ನೋಡಬೇಕು. ಸೋಡಾ ಪುಡಿಯ ಕತೆ ಸತ್ತುಹೋಯಿತು. ಅದು ಸಾಲದೆಂಬಂತೆ, ಇವರು ದಾವಲಸಾಬನ ಅಂಗಡಿಯಲ್ಲಿ ಕೂತು ಒಂದು ಮೆಸೇಜನ್ನು ಹತ್ತು ಮಂದಿಗೆ ಕಳಿಸುವುದನ್ನು ಕಲಿತುಬಂದಿದ್ದಾರೆ. ನನ್ನ ತಪ್ಪೊಪ್ಪಿಗೆ ಈಗ ನಮ್ಮ ಎಲ್ಲ ಬಳಗವನ್ನೂ ಮುಟ್ಟಿದೆ. ಬೀಗರು ಸಂಡಿಗೆ ಬೇಕೆಂದು ಫೋನು ಮಾಡುತ್ತಾರೆ. ಅದಕ್ಕೇ ನನ್ನ ಕಡೆಯದನ್ನೂ ನಾನೇ ಬರೆದುಬಿಡೋಣ ಎಂದು ಇಷ್ಟು ಕುಟ್ಟಿದ್ದು.

ಕುಟ್ಟಲು ಹದಿನೆಂಟು ದಿನ ಹಿಡಿಯಿತು. ಬೆರಳು ಇನ್ನೂ ಪಕ್ಕದ ಅಕ್ಷರದ ಮೇಲೇ ಬೀಳುತ್ತದೆ. ಮಹಾಂತೇಶ ನನ್ನ ಫೋನನ್ನು ಅಂಗಡಿಗೆ ಒಯ್ದು ತೋರಿಸಿಕೊಂಡು ಬಂದ. ಫೋನಿನಲ್ಲಿ ಏನೂ ದೋಷವಿಲ್ಲವಂತೆ. ನಿನ್ನೆ ಯಾರೂ ಇಲ್ಲದಾಗ ನಾನು ತಂಬಿಗೆಯ ತುಂಬ ನೀರು ತುಂಬಿಕೊಂಡು ಪಡಸಾಲೆಯ ಈ ತುದಿಯಿಂದ ಆ ತುದಿಗೆ ನಡೆದೆ. ಬಗ್ಗಿ ನೋಡಿದರೆ ನೆಲದ ಮೇಲೆ ಉದ್ದಕ್ಕೂ ಹನಿಗಳು, ರಂಗೋಲಿಯ ಚುಕ್ಕಿ ಇಟ್ಟ ಹಾಗೆ. ಯಾರೂ ಬರುವುದರೊಳಗೆ ಒರೆಸಿಬಿಟ್ಟೆ. ಸಂಜೆ ಮಗನನ್ನು ಕರೆದು, ಈ ಫೋನು ಯಾಕೋ ಬಹಳ ನಡುಗುತ್ತದೆ, ಬೇರೆಯದು ಕೊಡಿಸು ಎಂದು ಹೇಳಿದ್ದೇನೆ.